ಹಲಸಿನ ಮೇಣವೂ ಕಸ ಅರೆಯುವ ಯಂತ್ರವೂ

೨೦೦೩ನೇ ಇಸವಿಯಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿದ್ದ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ, ಬೆಳಿಗ್ಗೆ ಸುಟ್ಟು ಕರಕಾಗಿ ಬಂದ ಮೋಟಾರೊಂದು ಸಂಜೆಯ ಹೊತ್ತಿಗೆ ಗುಂಯ್ ಎಂದು ತಿರುಗಿದ್ದನ್ನು ನೋಡಿದೆ. ಆಮೇಲೆ ಬೀಜಗಣಿತ ರುಚಿಸಲಿಲ್ಲ, ಅಷ್ಟೆ. ಆ ಅಂಗಡಿಯಿಂದ ಕೊಳವೆಬಾವಿ ಲಾರಿಗೆ ಹೋದೆ, ಲಾರಿಯಿಂದ ಗೋವಾದ ಹೋಟೆಲುಗಳಿಗೆ. ಅಲ್ಲಿ ಹನ್ನೆರಡು ವರ್ಷ ಅಡುಗೆಮನೆಯ ಸಿಂಕುಗಳ ಕೆಳಗೆ ಅಂಗಾತ ಮಲಗಿ ದುಡಿದೆ. ಸಿಂಕಿನ ಕೆಳಗಿನ ಲೋಕದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ನಂಬಿಕೆ ಇಟ್ಟುಕೊಂಡೇ ಶಿರಸಿಗೆ ಬಂದವನು ನಾನು. ಆ ನಂಬಿಕೆ ಹದಿನೈದೇ ದಿನ ಬಾಳಿತು.

ಸಿದ್ದಾಪುರ ರಸ್ತೆಯ ಒಂದು ಮನೆಯಲ್ಲಿ ನಲ್ಲಿ ಸೋರುತ್ತದೆ ಎಂದು ಕರೆದಿದ್ದರು. ಶಿರಸಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ನಲ್ಲಿ ಸರಿಮಾಡಿ ಸಿಂಕಿನ ಕೆಳಗೆ ಬಗ್ಗಿ ನೋಡಿದರೆ, ನೀರು ಹೋಗುವ ಪೈಪು ಗೋಡೆ ತೂರಿ ಹಿತ್ತಲಿಗೆ ಹೋಗಿ ಒಂದು ಹಳೇ ಹಂಡೆಯೊಳಗೆ ಮುಗಿದಿತ್ತು. ಗಟಾರ ಅಲ್ಲಿಂದ ಬರೀ ಮೂರು ಅಡಿ ದೂರ. ಯಾರೋ ಮೈಗಳ್ಳ ಅರ್ಧ ಕೆಲಸ ಮಾಡಿ ಓಡಿಹೋಗಿದ್ದಾನೆ ಎಂದುಕೊಂಡೆ. ಚೀಲದಲ್ಲಿ ಪೈಪಿನ ತುಂಡಿತ್ತು. ಯಾರನ್ನೂ ಕೇಳದೆ, ಪುಕ್ಕಟೆಯಾಗಿ, ಹಂಡೆ ಸರಿಸಿ ಪೈಪನ್ನು ಗಟಾರಕ್ಕೆ ಜೋಡಿಸಿ, ಎದೆ ಉಬ್ಬಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಆ ಮನೆಯೊಡತಿಯ ಫೋನು. ಬೈಗುಳವಲ್ಲ, ಅದಕ್ಕಿಂತ ಕಷ್ಟದ್ದು: ತಣ್ಣಗಿನ ಮಾತು. "ಆ ಪೈಪು ಮುಟ್ಟಲಿಕ್ಕೆ ನಿಮಗೆ ಹೇಳಿದವರು ಯಾರು? ನಮ್ಮ ಗೌರಿ ಖಾಲಿ ಹಂಡೆ ನೆಕ್ತಾ ನಿಂತಿದೆ."

ಗೌರಿ ಎಂದರೆ ಅವರ ಆಕಳು. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಮಿಕ್ಕಿದ ಗಂಜಿ ಎಲ್ಲ ಸೇರಿದ್ದಕ್ಕೆ ಇಲ್ಲಿ ಅಕ್ಕಚ್ಚು ಎನ್ನುತ್ತಾರೆ. ಅದು ಗಟಾರದ್ದಲ್ಲ, ದನದ್ದು. ಊರಿನಲ್ಲಿ ನಮ್ಮವ್ವ ಎಮ್ಮೆಗೆ ದಿನಾ ಮುಸುರಿ ನೀರು ಕುಡಿಸುತ್ತಿದ್ದಳಲ್ಲ, ಅದೇ. ಹನ್ನೆರಡು ವರ್ಷ ಹೋಟೆಲಿನ ಸಿಂಕು ನೋಡಿ ನೋಡಿ, ನೀರು ಎಂದರೆ ಗಟಾರಕ್ಕೆ ಎಂದೇ ನನ್ನ ಕೈ ಕಲಿತುಬಿಟ್ಟಿತ್ತು. ಹೋಗಿ ಪೈಪು ಕಿತ್ತು ಮೊದಲಿನಂತೆ ಮಾಡಿಕೊಟ್ಟೆ. ಆದರೆ ಅಷ್ಟರೊಳಗೆ ಸುದ್ದಿ ಆ ರಸ್ತೆಯ ತುದಿಯವರೆಗೂ ಹೋಗಿತ್ತು. ಅಕ್ಕಚ್ಚನ್ನು ಗಟಾರಕ್ಕೆ ಬಿಟ್ಟ ಬಯಲುಸೀಮೆಯ ಪ್ಲಂಬರು ಎಂದು ನನಗೆ ಹೆಸರಾಯಿತು. ಮುಂದೆ ನಾಲ್ಕು ತಿಂಗಳು ಹೆಚ್ಚು ಕಡಿಮೆ ಫೋನೇ ಬರಲಿಲ್ಲ.

ಶಿರಸಿಗೆ ಏಕೆ ಬಂದೆ ಎಂದು ಊರಿನ ಕೆಲವರು ನಗುತ್ತ ಕೇಳಿದ್ದುಂಟು. ಉತ್ತರ ಇಲ್ಲಿಯೇ ಬರೆದುಬಿಡುತ್ತೇನೆ. ನನ್ನ ಹೆಂಡತಿ ಗಿರಿಜಾ ಸರಕಾರಿ ಆಸ್ಪತ್ರೆಯ ನರ್ಸು. ಮದುವೆಯಾಗಿ ಆರು ವರ್ಷ ಆಕೆ ಕುಷ್ಟಗಿಯಲ್ಲಿ, ನಾನು ಗೋವಾದಲ್ಲಿ. ಮಗಳು ಹುಟ್ಟಿ ಮಾತು ಕಲಿತ ಮೇಲೆ ಒಮ್ಮೆ ಊರಿಗೆ ಹೋದರೆ, ಕೂಸು ನನ್ನ ಮುಖ ನೋಡಿ ಹೆದರಿ ಒಳಗೆ ಓಡಿತು. ಒಳಗಿನಿಂದ ಗಿರಿಜಾಳ ಫೋನು ತಂದು ಅದರ ಕಪ್ಪು ಗಾಜು ತೋರಿಸಿ "ಅಪ್ಪ ಇದರಾಗ ಅದಾನ" ಎಂದಿತು. ಅದಾದ ಮರುವರ್ಷ ಗಿರಿಜಾಳಿಗೆ ಶಿರಸಿಗೆ ವರ್ಗವಾಯಿತು. ಈ ಸಲ ನಾನೇ ಬೆನ್ನು ಹತ್ತಿ ಬರುತ್ತೇನೆ ಎಂದೆ. ಹೆಂಡತಿಯ ನೌಕರಿಯ ಹಿಂದೆ ಬಂದವನು ಅನ್ನಿಸಿಕೊಳ್ಳುವುದು ನನ್ನಂಥವನಿಗೆ ಸುಲಭವಲ್ಲ. ಹಾಗಾಗಿ ಒಂದು ಕರಾರು ಹಾಕಿದೆ: ಡಿಸೆಂಬರಿನಿಂದ ಮೇ ಕೊನೆಯವರೆಗೆ ಆರು ತಿಂಗಳು. ಅಷ್ಟರಲ್ಲಿ ಈ ಊರು ನನ್ನನ್ನು ಕೆಲಸಗಾರ ಎಂದು ಒಪ್ಪಿಕೊಂಡರೆ ಉಳಿಯುವುದು. ಇಲ್ಲದಿದ್ದರೆ ಮತ್ತೆ ಗೋವಾ. ಅಲ್ಲಿನ ಮೇಲ್ವಿಚಾರಕರು ನನ್ನ ಜಾಗ ಹಾಗೇ ಇಟ್ಟಿದ್ದರು. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ, ಹೋಟೆಲುಗಳ ರಿಪೇರಿಯೆಲ್ಲ ಆಗಲೇ ನಡೆಯುವುದು. ಜೂನ್ ಒಂದಕ್ಕೆ ಬಂದುಬಿಡು ಎಂದಿದ್ದರು.

ಗಿರಿಜಾ ಪಾತ್ರೆ ಒರೆಸುತ್ತ ಒಂದೇ ಮಾತು ಆಡಿದಳು. "ನೀ ಹೋಗಬ್ಯಾಡ ಅನ್ನಂಗಿಲ್ಲ ನಾ. ಆದ್ರ ಈ ಕೂಸು ಮತ್ತ ನಿನ್ನ ಫೋನಿನ್ಯಾಗ ನೋಡಿ ಬೆಳೀತೈತಿ."

ಬಾಡಿಗೆ ಮನೆ ಸಿಗಲು ಮೂರು ವಾರ ಹಿಡಿಯಿತು. ನಮ್ಮ ಕಡೆ ಮನೆ ಕೇಳಿದರೆ ಮೊದಲು ಯಾರ ಪೈಕಿ ಎನ್ನುತ್ತಾರೆ. ಇಲ್ಲಿ ಚಹಾ ಕೊಟ್ಟು, ಬೆಲ್ಲದ ತುಂಡು ಕೊಟ್ಟು, ಮಳೆ ಬೆಳೆ ಮಾತಾಡಿ, ಅರ್ಧ ಗಂಟೆಯ ನಂತರ ಅದನ್ನೇ ಕೇಳುತ್ತಾರೆ. ಮಾತು ಇನ್ನೊಂದು ತೊಡಕು. ಎಲ್ಲರದೂ ಕನ್ನಡವೇ. ಆದರೆ 'ಏನು' ಎಂಬಲ್ಲಿ 'ಎಂತ', 'ನಾನು' ಎಂಬಲ್ಲಿ 'ಆನು', 'ಇಲ್ಲ' ಎಂಬಲ್ಲಿ 'ಇಲ್ಲೆ'. ಅಡಿಕೆ ತೋಟದ ಮನೆತನಗಳವರು ತಮ್ಮತಮ್ಮಲ್ಲಿ ವೇಗವಾಗಿ ಮಾತಾಡಿಕೊಂಡರೆ ಮೊದಲ ತಿಂಗಳು ನನಗೆ ಕೊಂಕಣಿಯಷ್ಟೂ ಅರ್ಥವಾಗಲಿಲ್ಲ. ಊಟದ್ದು ಹೇಳುವುದೇ ಬೇಡ. ಖಡಕ್ ರೊಟ್ಟಿ ಇಲ್ಲದ ಮನೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಜೋಳದ ರೊಟ್ಟಿಯನ್ನೇ ಕಾಣದ ಊರಿದೆ ಎಂದರೆ ನಮ್ಮವ್ವ ಇವತ್ತಿಗೂ ನಂಬುವುದಿಲ್ಲ. ಮಧ್ಯಾಹ್ನ ಒಬ್ಬನೇ ಅನ್ನ ತಂಬುಳಿ ಉಂಡು, ಫೋನನ್ನು ಮಂಚದ ಮೇಲಿಟ್ಟು ಅದರ ಎದುರಿಗೆ ಕೂತು, ಅದು ರಿಂಗಾಗಲಿ ಎಂದು ಕಾದ ದಿನಗಳು ಎಷ್ಟೋ.

ಮೇ ತಿಂಗಳ ಮೊದಲ ವಾರ ಅದು ರಿಂಗಾಯಿತು. ನಾನು ಸಾಮಾನು ಕೊಳ್ಳುವ ಹಾರ್ಡ್‌ವೇರ್ ಅಂಗಡಿಯವರು. ಒಬ್ಬರ ಮನೆಯಲ್ಲಿ ಸಿಂಕಿನ ಕೆಳಗಿನ ಕಸದ ಮಿಷನ್ನು ಸಿಕ್ಕಿಹಾಕಿಕೊಂಡಿದೆ, ಈ ಊರಿನಲ್ಲಿ ಅದನ್ನು ಬಿಚ್ಚಿದವರು ಯಾರೂ ಇಲ್ಲ, ನಿಮಗೆ ಗೊತ್ತೇ ಎಂದು ಕೇಳಿದರು. ಗೊತ್ತೇ ಎಂದು ಕೇಳಬೇಕೆ.

ಆ ಯಂತ್ರ ಕಾಣದವರಿಗಾಗಿ ಹೇಳುತ್ತೇನೆ. ಸಿಂಕಿನ ಕಂಡಿಗೆ ಕೆಳಗಿನಿಂದ ತೂಗುಬಿಟ್ಟ, ಸಣ್ಣ ಕೊಡದಷ್ಟು ದಪ್ಪದ ಯಂತ್ರ. ಒಳಗೆ ಮಿಕ್ಸಿಯ ಹಾಗೆ ಬ್ಲೇಡಿಲ್ಲ. ಉಕ್ಕಿನ ತಟ್ಟೆಯೊಂದು ಗರಗರ ತಿರುಗುತ್ತದೆ. ಅದರ ಮೇಲಿನ ಎರಡು ಸಡಿಲ ಗುಂಡುಗಳು ಕಸವನ್ನು ಸುತ್ತಲಿನ ಹಲ್ಲುಬಳೆಗೆ ಒಗೆಯುತ್ತವೆ. ಕಸ ಅಲ್ಲಿ ತಿಕ್ಕಿ ತಿಕ್ಕಿ ಗಂಜಿಯಾಗಿ ನೀರಿನ ಜೊತೆ ಹರಿದುಹೋಗುತ್ತದೆ. ದೊಡ್ಡ ಹೋಟೆಲುಗಳಲ್ಲಿ ಇದಿಲ್ಲದೆ ಅಡುಗೆಮನೆ ನಡೆಯುವುದಿಲ್ಲ. ಶಿರಸಿಯ ಮನೆಯೊಂದರಲ್ಲಿ ಇದಕ್ಕೇನು ಕೆಲಸ ಎಂದು ಯೋಚಿಸುತ್ತಲೇ ಹೋದೆ.

ಪೇಟೆಯ ಅಂಚಿನಲ್ಲಿ, ಇಳಿಜಾರಿನ ಮೇಲಿನ ಮನೆ. ಮನೆಯಾಕೆ ಸುಮಂಗಲಕ್ಕ, ಐವತ್ತರ ಆಸುಪಾಸು. ಹಲಸಿನ ಹಪ್ಪಳ ಮಾಡಿ ಮಾರುವುದು ಅವರ ಉದ್ಯೋಗ. ಬೆಳೆದ ಆದರೆ ಹಣ್ಣಾಗದ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಒತ್ತಿ, ಬಿಸಿಲಿಗೆ ಹಾಕಬೇಕು. ಇದಕ್ಕೆ ಮೇ ತಿಂಗಳೊಂದೇ ಸರಿಯಾದ ಕಾಲ: ಮೊದಲು ಕಾಯಿ ಬೆಳೆದಿರುವುದಿಲ್ಲ, ನಂತರ ಬಿಸಿಲಿರುವುದಿಲ್ಲ. ಜಗುಲಿಯಲ್ಲಿ ನಾಲ್ವರು ಹೆಂಗಸರು ಹಪ್ಪಳ ಒತ್ತುತ್ತಿದ್ದರು. ಮೂಲೆಯಲ್ಲಿ ಸುಮಂಗಲಕ್ಕನ ಅತ್ತೆ ಭಾಗೀರಥಮ್ಮ ಕೂತು ಒಂದೊಂದು ಹಪ್ಪಳವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನನ್ನನ್ನು ಕಂಡವರೇ ಆ ಅಜ್ಜಿ ಸೊಸೆಗೆ ತಮ್ಮ ಮಾತಿನಲ್ಲಿ ಹೇಳಿದರು. "ಅಂವ ಅಕ್ಕಚ್ಚಿನ ಪೈಪು ಗಟಾರಕ್ಕೆ ಬಿಟ್ಟವ ಅಲ್ದನೇ?"

"ಹೌದು ಅತ್ತೆ. ಬೇರೆ ಯಾರೂ ಇಲ್ಲೆ."

ಐದು ತಿಂಗಳಲ್ಲಿ ನನಗೆ ಅಷ್ಟು ಮಾತು ಅರ್ಥವಾಗುವಂತಾಗಿತ್ತು. ಆಗದಿದ್ದರೆ ಚೆನ್ನಾಗಿತ್ತು.

ಕೆಲಸಕ್ಕೆ ಕೈಹಾಕುವ ಮೊದಲು, ಇದರೊಳಗೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಅದು ರೂಢಿ, ರೋಗ ತಿಳಿಯಬೇಕಾದರೆ ಏನು ತಿಂದೆ ಎಂದು ಕೇಳುವುದಿಲ್ಲವೇ, ಹಾಗೆ. ಸುಮಂಗಲಕ್ಕ ಹೇಳುತ್ತ ಹೋದ ಹಾಗೆ ನಾನು ಕೇಳುತ್ತ ನಿಂತುಬಿಟ್ಟೆ. ಹೀರೆಕಾಯಿಯ ಸಿಪ್ಪೆ ಹಾಕುವುದಿಲ್ಲ, ಅದು ಚಟ್ನಿಗೆ. ಕಲ್ಲಂಗಡಿಯ ಬಿಳಿ ತಿರುಳು ಹಾಕುವುದಿಲ್ಲ, ಅದು ದೋಸೆಗೆ. ಕಿತ್ತಳೆ ಸಿಪ್ಪೆ ಗೊಜ್ಜಿಗೆ. ದಾಳಿಂಬೆ ಸಿಪ್ಪೆ ಒಣಗಿಸಿ ತಂಬುಳಿಗೆ. ಹಲಸಿನ ಬೀಜ ಮಳೆಗಾಲದ ಸಾರಿಗೆ. ತೆಂಗಿನ ಸಿಪ್ಪೆ ಬಚ್ಚಲ ಒಲೆಗೆ, ಕರಟವೂ ಅಲ್ಲಿಗೇ. ಹೋಟೆಲಿನಲ್ಲಿ ಇವೆಲ್ಲ ಒಂದೇ ಡ್ರಮ್ಮಿನಲ್ಲಿ ಬೀಳುವುದನ್ನು ಹನ್ನೆರಡು ವರ್ಷ ನೋಡಿದವನು ನಾನು. ಈ ಮನೆಯಲ್ಲಿ ಒಂದೊಂದು ಸಿಪ್ಪೆಗೂ ಒಂದೊಂದು ವಿಳಾಸವಿತ್ತು. ಕಸ ಅರೆಯುವ ಯಂತ್ರ ರಿಪೇರಿಗೆ ಬಂದವನಿಗೆ ಕಸವೇ ಕಾಣಲಿಲ್ಲ.

ವಿಳಾಸ ತಪ್ಪಿದ್ದು ಹಲಸಿನದೊಂದೇ. ಮುಳ್ಳುಸಿಪ್ಪೆ, ತೊಳೆಗಳ ನಡುವಿನ ನಾರು, ನಟ್ಟನಡುವಿನ ಗೂಂಜು, ಎಲ್ಲವೂ ಹಿಂದೆ ಕೊಟ್ಟಿಗೆಗೆ ಹೋಗುತ್ತಿದ್ದವಂತೆ. ನಾಲ್ಕು ವರ್ಷದ ಹಿಂದೆ ದನ ಕೊಟ್ಟುಬಿಟ್ಟ ಮೇಲೆ ದಿನಕ್ಕೆ ಐದಾರು ಬುಟ್ಟಿ ಹಿತ್ತಲಿನಲ್ಲಿ ಕೊಳೆತು, ನೊಣ ಮುಸುರಿ, ಮಂಗಗಳ ಹಿಂಡೇ ಇಳಿಯತೊಡಗಿತು. ಒಣಹಾಕಿದ ಹಪ್ಪಳವನ್ನೂ ಅವು ಬಿಡಲಿಲ್ಲ. ಆಗ ಹುಬ್ಬಳ್ಳಿಯ ಅಂಗಡಿಯೊಂದರಿಂದ ಈ ಯಂತ್ರ ಬಂತು. ಮುಳ್ಳುಸಿಪ್ಪೆ ದನ ಸಾಕಿದವರಿಗೆ ಕೊಟ್ಟು, ಮಿಕ್ಕಿದ ಮೆತ್ತಗಿನದನ್ನು ಇದರಲ್ಲಿ ಅರೆದು ಗಟಾರಕ್ಕೆ ಬಿಡುತ್ತಿದ್ದರು.

ಕೆಂಪು ಗುಂಡಿ ಒತ್ತಿದೆ. ಯಂತ್ರ ಹೂಂ ಎಂದಿತೇ ಹೊರತು ತಿರುಗಲಿಲ್ಲ. ಅಡಿಯ ತೂತಿಗೆ ಆರು ಮೂಲೆಯ ಕೀಲಿ ಹಾಕಿ ಎರಡೂ ಕಡೆ ಹೊರಳಿಸಿದೆ. ಎಂಥ ಸಿಕ್ಕಿದ್ದರೂ ಇದಕ್ಕೆ ಬಿಡುತ್ತದೆ, ಮೂಳೆಯೇ ಬಿಡುತ್ತದೆ. ಬಿಡಲಿಲ್ಲ. ಕರೆಂಟು ತೆಗೆದು, ಇಡೀ ಯಂತ್ರ ಇಳಿಸಿ, ಹಿತ್ತಲಿನ ಕಲ್ಲಿನ ಮೇಲಿಟ್ಟು ಬಿಚ್ಚಿದೆ. ಒಳಗೆ ತಟ್ಟೆ ಕಾಣಲಿಲ್ಲ, ಗುಂಡು ಕಾಣಲಿಲ್ಲ. ಬೂದುಬಣ್ಣದ, ಲಾರಿ ಟಯರಿನಂಥ ಗಟ್ಟಿ ಮುದ್ದೆ.

ಏನಿದು ಎಂದು ಕೇಳಬಹುದಿತ್ತು. ಕೇಳಲಿಲ್ಲ. ನೂರು ಯಂತ್ರ ಬಿಚ್ಚಿದ್ದೇನೆ ಎಂದು ಬಾಗಿಲಲ್ಲೇ ಹೇಳಿಯಾಗಿತ್ತಲ್ಲ. ಕುದಿಯುವ ನೀರು ತರಿಸಿ ಸುರಿದೆ, ಹೋಟೆಲಿನ ಜಿಡ್ಡು ಹಾಗೆಯೇ ಕರಗುವುದು. ಇದು ಕರಗಲಿಲ್ಲ, ಮೆತ್ತಗಾಗಿ ಎಳೆ ಎಳೆಯಾಗಿ ಎದ್ದಿತು. ಚಾಕು ಹಾಕಿದೆ, ಚಾಕು ಕಚ್ಚಿಕೊಂಡಿತು. ಚಾಕು ಬಿಡಿಸಲು ಕೈ ಹಾಕಿದೆ, ಬೆರಳು ಬೆರಳಿಗೆ ಅಂಟಿದವು. ಎಡಗೈಯಿಂದ ಬಲಗೈ ಬಿಡಿಸಲು ಹೋಗಿ ಎರಡೂ ಒಂದಾದವು. ಜಗುಲಿಯ ಹೆಂಗಸರು ಹಪ್ಪಳ ಬಿಟ್ಟು ಬಾಗಿಲಲ್ಲಿ ಸೇರಿದ್ದರು. ಅವರಲ್ಲೊಬ್ಬಾಕೆ, ಗೋವಾದಲ್ಲಿ ಹೀಗೆಯೇ ಕೈಮುಗಿದು ಯಂತ್ರ ಬಿಚ್ಚುವ ಪದ್ಧತಿಯೋ ಎಂದು ಕೇಳಿದಳು.

ಸುಮಂಗಲಕ್ಕ ನಗಲಿಲ್ಲ. ಅವರಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ನೀವು ಕೈಗೆ ಎಣ್ಣೆ ಹಚ್ಕೊಳ್ಳದೇ ಹಲಸಿಗೆ ಇಳಿದ್ರಾ?"

ಅದು ಹಲಸಿನ ಮೇಣ. ಕಾಯಿ ಕೊಯ್ದಾಗ ಹಾಲಿನಂತೆ ಸುರಿಯುವ ಅಂಟು. ಇಲ್ಲಿ ನಾಲ್ಕು ವರ್ಷದ ಮಗುವಿಗೂ ಗೊತ್ತು, ಕಾಯಿ ಮುಟ್ಟುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಬೇಕು. ಗೊತ್ತಿಲ್ಲದ ಗಂಡಸೊಬ್ಬ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ, ಹಾಗಾಗಿ ಯಾರೂ ಹೇಳಿರಲಿಲ್ಲ. ಕೈಗೆ ಎಣ್ಣೆ ಹಚ್ಚಿಕೊಳ್ಳುವ ಅದೇ ಹೆಂಗಸರು ಯಂತ್ರಕ್ಕೆ ಹಚ್ಚಬೇಕೆಂದು ಯೋಚಿಸಿರಲಿಲ್ಲ. ಅದು ಮಿಷನ್ನು, ಅದಕ್ಕೆಲ್ಲ ತಾಗುವುದಿಲ್ಲ ಎಂದುಕೊಂಡಿದ್ದರು. ಅವರ ತಪ್ಪೂ ನನ್ನ ತಪ್ಪೂ ಯಂತ್ರದೊಳಗೆ ಒಟ್ಟಿಗೆ ಕೂತಿದ್ದವು.

ಬಿಸಿ ಎಣ್ಣೆ ಬಂತು, ತೆಂಗಿನ ನಾರು ಬಂತು. ಸುಮಂಗಲಕ್ಕ ಮೊದಲು ನನ್ನ ಕೈ ಬಿಡಿಸಿದರು, ಆಮೇಲೆ ಯಂತ್ರವನ್ನು. ಅರ್ಧ ಗಂಟೆಯಲ್ಲಿ ಉಕ್ಕು ಹೊಳೆಯಿತು. ನನ್ನ ಚೀಲದಲ್ಲಿ ನಾಲ್ಕು ಬಗೆಯ ರಾಸಾಯನಿಕದ ಡಬ್ಬಿಗಳಿದ್ದವು. ಅವನ್ನು ಮೆಲ್ಲಗೆ ಒಳಗೆ ತಳ್ಳಿದೆ.

ಮತ್ತೆ ಜೋಡಿಸಿ ಚಾಲೂ ಮಾಡಿದರೆ ತಟ್ಟೆ ತಿರುಗಿತು. ಹೆಂಗಸರು ಹೋ ಎಂದರು. ಆದರೆ ನನ್ನ ಮೂಗಿಗೆ ಇಪ್ಪತ್ತು ವರ್ಷದ ಪರಿಚಯದ, ಮೋಟಾರು ಸುಡುವ ವಾಸನೆ ಬಂತು. ಅಡಿಯಿಂದ ತುಕ್ಕಿನ ನೀರು ತೊಟ್ಟಿಕ್ಕುತ್ತಿತ್ತು. ಮೇಣದ ಎಳೆತಕ್ಕೆ ಒಳಗಿನ ರಬ್ಬರು ಹರಿದು, ನೀರು ಮೋಟಾರಿಗೆ ಇಳಿದಿತ್ತು. ಸುರುಳಿಯನ್ನು ನಾನೇ ಸುತ್ತಿಕೊಡಬಲ್ಲೆ, ಆದರೆ ಆ ರಬ್ಬರು ಬಿಡಿಯಾಗಿ ಸಿಗುವುದಿಲ್ಲ. ಹಾಗೇ ಬಿಟ್ಟು ಹೋದರೆ ಇನ್ನೊಂದು ವಾರ ಓಡೀತು. ರಿಪೇರಿಯಾಯಿತು ಎಂಬ ಹೆಸರು ನನಗೆ ಬೇಕಾಗಿಯೂ ಇತ್ತು.

"ಅಕ್ಕಾರ, ಇದು ತಿರುಗಾಕತ್ತೈತಿ, ಖರೆ. ಆದ್ರ ಇದು ಸತ್ತೈತ್ರಿ. ಹೊಸಾದು ಹಾಕಬೇಕು."

ಸುಮಂಗಲಕ್ಕ ತರಿಸಿ ಎಂದರು. ಮೂಲೆಯಿಂದ ಭಾಗೀರಥಮ್ಮನ ಮಾತು ಬಂತು, ಈ ಸಲ ನನಗೂ ತಿಳಿಯುವಂತೆ ನಿಧಾನವಾಗಿ. "ಅರೆದು ಅರೆದು ಗಟಾರಕ್ಕೆ ಬಿಡೋದು. ಅದಕ್ಕೆ ಒಂದು ಹೋದ್ರೆ ಇನ್ನೊಂದು ಮಷಿನ್ನು."

ಆ ಮಾತು ನನಗೆ ತಗುಲಿತು. ಸಿದ್ದಾಪುರ ರಸ್ತೆಯಲ್ಲಿ ನಾನು ಒಂದು ತುಂಡು ಪೈಪಿನಿಂದ ಮಾಡಿದ್ದನ್ನೇ ಇಲ್ಲಿ ಕರೆಂಟು ಹಾಕಿ ಮಾಡುವುದಾಗಿತ್ತು. ಹೊಸ ಯಂತ್ರ ಬರಲು ಎರಡು ದಿನವಿತ್ತು. ಹಿತ್ತಲಿಗೆ ಹೋಗಿ ನಿಂತೆ. ಇಳಿಜಾರಿನ ಕೆಳಗೆ ಪಕ್ಕದ ರಾಮ ನಾಯ್ಕರ ಹಿತ್ತಲು, ಅಲ್ಲಿ ಕೊಟ್ಟಿಗೆಯ ಬದಿಗೆ ಗೋಬರ್ ಗ್ಯಾಸಿನ ಗುಂಡಿ. ಸಗಣಿ ಕದಡುವ ತೊಟ್ಟಿ ಅರ್ಧ ಒಣಗಿತ್ತು.

ನಾಯ್ಕರು ಅರವತ್ತು ದಾಟಿದ ಕೃಷಿಕರು. ಆರು ದನಗಳಿಗೆಂದು ಕಟ್ಟಿಸಿದ ಗುಂಡಿಯಂತೆ. ಈಗ ಇರುವುದು ಎರಡು. ಎರಡು ದನದ ಸಗಣಿಗೆ ಬೆಳಗಿನ ಚಹಾ ಕುದಿಯುವಷ್ಟು ಗ್ಯಾಸು ಬರುತ್ತದೆ, ಅನ್ನಕ್ಕೆ ಇಲ್ಲ. ಮೇಲಿನ ಮನೆಯ ಹಲಸಿನ ಗಂಜಿಯನ್ನು ಪೈಪಿನಲ್ಲಿ ನಿಮ್ಮ ಗುಂಡಿಗೆ ಇಳಿಸಲೇ ಎಂದು ಕೇಳಿದೆ. ಅವರು ಎಲೆಯಡಿಕೆ ಜಗಿಯುತ್ತ ಬಹಳ ಹೊತ್ತು ಇಳಿಜಾರು ನೋಡಿದರು.

"ಹೊಟ್ಟೆಗಿಲ್ದೇ ಬಿದ್ದಿದೆ ಅದು. ಹಾಕು. ಆದ್ರೆ ಕೆಟ್ಟು ಹೋಯ್ತು ಅಂದ್ರೆ, ಖಾಲಿ ಮಾಡಲಿಕ್ಕೆ ನಿನ್ನನ್ನೇ ಇಳಿಸ್ತೇನೆ ಒಳಗೆ."

ಭಾಗೀರಥಮ್ಮ ಒಪ್ಪಲು ಒಂದು ಷರತ್ತು ಹಾಕಿದರು. ಪಕ್ಕದವರು ಒಲೆ ಹಚ್ಚುವ ಗುಂಡಿ ಅದು, ನಮ್ಮನೆ ಎಂಜಲು ಅವರ ಅನ್ನದ ಅಡಿಗೆ ಹೋಗುವುದು ಸಲ್ಲ. ಉಣ್ಣುವ ಮೊದಲಿನದು ಮಾತ್ರ ಹಾಕಬೇಕು. ಉಂಡ ಬಾಳೆಲೆ, ತಟ್ಟೆಯ ಮಿಕ್ಕಿದ್ದು ಬೇರೆ. ಗುಂಡಿಯೊಳಗೆ ಎಲ್ಲ ಒಂದೇ ಎಂದು ನಾನು ವಾದಿಸಲಿಲ್ಲ. ಊಟ ಬಡಿಸಿದ ಕೈಯ ಮರ್ಯಾದೆ ಕಸಕ್ಕೂ ಇರುವುದನ್ನು ಅಂದೇ ನಾನು ಮೊದಲು ನೋಡಿದ್ದು.

ಕೂರಿಸಲು ಮೂರು ದಿನ ಹಿಡಿಯಿತು. ಸಿಂಕಿನ ಕಂಡಿಯ ಸುತ್ತ ಮೆತ್ತು ಹಾಕಿ ಉಕ್ಕಿನ ಬಳೆ ಕೂರಿಸಿ, ಕೆಳಗಿನಿಂದ ಮೂರು ತಿರುಪು ಬಿಗಿದು, ಯಂತ್ರವನ್ನು ಎತ್ತಿ ಹಿಡಿದು ಹೊರಳಿಸಿ ಕಚ್ಚಿಸಿದೆ. ಅದರ ಹೊರಬಾಯಿಗೆ ಎರಡು ದಾರಿಯ ವಾಲ್ವು: ಹಿಡಿ ಎಡಕ್ಕಿದ್ದರೆ ಸಾಬೂನಿನ ನೀರು ಗಟಾರಕ್ಕೆ, ಬಲಕ್ಕಿದ್ದರೆ ಗಂಜಿ ಗುಂಡಿಗೆ. ನಲವತ್ತು ಅಡಿ ಪೈಪು, ನಾಲ್ಕು ಅಡಿಗೆ ಒಂದಿಂಚು ಇಳಿತ. ನಮ್ಮ ಬಯಲಿನಲ್ಲಿ ಈ ಇಳಿತ ಸಿಗಬೇಕಾದರೆ ನೆಲ ಅಗೆಯಬೇಕು. ಇಲ್ಲಿ ಭೂಮಿಯೇ ಇಳಿಜಾರು ಹಿಡಿದು ನಿಂತಿತ್ತು. ಮೇಣದ ಎಳೆಗಳನ್ನು ಎಣ್ಣೆಕೈಯಲ್ಲಿ ತೆಗೆದು, ನಾರನ್ನು ಸಣ್ಣಗೆ ಕೊಚ್ಚಿ, ಮೊದಲು ನೀರು ಬಿಟ್ಟು ಆಮೇಲೆ ಕಸ ಹಾಕಬೇಕೆಂದು ಎಲ್ಲರಿಗೂ ತೋರಿಸಿಕೊಟ್ಟೆ. ಸ್ವಿಚ್ಚು ಒತ್ತಿದೆ. ಕೆಳಗಿನ ತೊಟ್ಟಿಯ ಬಳಿ ನಿಂತ ನಾಯ್ಕರು ಕೈ ಎತ್ತಿದರು. ಬಂತು.

ಆ ಖುಷಿಯಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ಅಷ್ಟು ದಿನದಿಂದ ಕೂಡಿಬಿದ್ದಿದ್ದ ಬುಟ್ಟಿಗಳನ್ನೆಲ್ಲ ಒಂದೇ ಮಧ್ಯಾಹ್ನ ಅರೆದು ಇಳಿಸಿಬಿಟ್ಟೆ. ಮರುದಿನ ನಾಯ್ಕರ ಒಲೆಯ ಬೆಂಕಿ ಕುಗ್ಗಿತು. ಅದರ ಮರುದಿನ ಚಹಾಕ್ಕೂ ಬರಲಿಲ್ಲ. ಗುಂಡಿಯಿಂದ ಹುಳಿ ವಾಸನೆ. ನಾಯ್ಕರ ಹೆಂಡತಿ ನನ್ನೊಡನೆ ಮಾತಾಡದೆ ಕಟ್ಟಿಗೆ ಒಲೆ ಹಚ್ಚಿದರು. ಅದೇ ದಿನ ಗೋವಾದ ಮೇಲ್ವಿಚಾರಕರ ಫೋನು: ಜೂನ್ ಒಂದಕ್ಕೆ ಬರುತ್ತೀಯೋ ಇಲ್ಲವೋ, ವಾರದೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನು ಗೊತ್ತುಮಾಡುತ್ತೇನೆ. ಬರುತ್ತೇನೆ ಎಂಬ ಮಾತು ಬಾಯಿಗೆ ಬಂದಿತ್ತು. ಅಕ್ಕಚ್ಚು ಚೆಲ್ಲಿದವನು, ಈಗ ಗುಂಡಿ ಕೆಡಿಸಿದವನು. ಈ ಊರಿನಲ್ಲಿ ಇನ್ನು ಯಾರು ಕರೆಯುತ್ತಾರೆ? ನಾಳೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ನಾಯ್ಕರ ಹಿತ್ತಲಿಗೆ ಹೋಗಿ, ಗುಂಡಿ ಖಾಲಿ ಮಾಡಲು ನಾನೇ ಇಳಿಯುತ್ತೇನೆ ಎಂದೆ. ಅವರು ಹುಲ್ಲು ಹಾಕುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ದನ ಸಿಕ್ಕಾಪಟ್ಟೆ ಮೇಯ್ದು ಹೊಟ್ಟೆ ಉಬ್ಬಿಸ್ಕೊಂಡ್ರೆ ಎಂತ ಮಾಡ್ತಾರೆ ನಿಮ್ಮ ಬದಿಗೆ?"

"ಉಪವಾಸ ಕೆಡವ್ತೀವ್ರಿ."

"ಹಾಂಗೇ. ಇದೂ ಹೊಟ್ಟೆಯೇ. ಮನೆಗೆ ಹೋಗು."

ಏಳು ದಿನ ಗುಂಡಿಗೆ ಏನೂ ಹಾಕಲಿಲ್ಲ. ಎಂಟನೆಯ ದಿನದಿಂದ ಎರಡು ಬುಟ್ಟಿ ಸಗಣಿ ನೀರು ಮಾತ್ರ. ನಾನು ದಿನಾ ಹೋಗಿ ಗುಂಡಿಯ ಬಾಯಿಗೆ ಮೂಗಿಟ್ಟು ಬರುತ್ತಿದ್ದೆ. ಗೋವಾಕ್ಕೆ ಏನೂ ಹೇಳದೆಯೇ ಆ ವಾರ ಕಳೆದುಹೋಯಿತು. ಮೇಲ್ವಿಚಾರಕರು ಎರಡು ಸಲ ಫೋನು ಮಾಡಿದರು, ನಾನು ಎತ್ತಲಿಲ್ಲ. ಜಾಗ ಕೈಬಿಡುತ್ತಿದೆ ಎಂದು ಗೊತ್ತಿತ್ತು. ಗಿರಿಜಾಳಿಗೂ ಗೊತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ ಮಾತು ಬಿಟ್ಟಿದ್ದ ನಾಯ್ಕರ ಹೆಂಡತಿಯೇ ಫೋನು ಮಾಡಿದರು. ಬಂದು ನೋಡಿ ಹೋಗಿ ಎಂದಷ್ಟೇ. ಹೋದೆ. ಸುಮಂಗಲಕ್ಕ, ಭಾಗೀರಥಮ್ಮ ಮೊದಲೇ ಬಂದು ಅಡುಗೆಮನೆಯಲ್ಲಿ ನಿಂತಿದ್ದರು. ಒಲೆಯ ಮೇಲೆ ಹಾಲು. ಅಡಿಯಲ್ಲಿ ನೀಲಿ ಬೆಂಕಿ, ಅಲುಗದೆ, ಬುಸುಗುಡದೆ, ಬಳೆಯ ಹಾಗೆ ದುಂಡಗೆ. ನಾನು ಜೀವನದಲ್ಲಿ ಎಷ್ಟೋ ಒಲೆ ನೋಡಿದ್ದೇನೆ. ಹೋಟೆಲಿನಲ್ಲಿ ಆಳೆತ್ತರದ ಜ್ವಾಲೆ ಎಬ್ಬಿಸುವುದನ್ನೂ ನೋಡಿದ್ದೇನೆ. ಅವು ಯಾವುವೂ ಇದರ ಹಾಗಿರಲಿಲ್ಲ. ಸಿಂಕಿನೊಳಗೆ ಬಿದ್ದದ್ದು ನಲವತ್ತು ಅಡಿ ಇಳಿದು, ಕತ್ತಲಲ್ಲಿ ಎಷ್ಟೋ ದಿನ ಕೂತು, ಇನ್ನೊಬ್ಬರ ಮನೆಯಲ್ಲಿ ಬೆಳಕಾಗಿ ಎದ್ದಿತ್ತು. ಅದನ್ನು ಜೋಡಿಸಿದ್ದು ನನ್ನ ಕೈ ಎಂದು ನನಗೇ ನಂಬಲಾಗಲಿಲ್ಲ.

ಭಾಗೀರಥಮ್ಮ ಬಗ್ಗಿ ಬೆಂಕಿಯನ್ನು ನೋಡಿದರು, ಹಪ್ಪಳ ನೋಡುವಷ್ಟೇ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಅಡ್ಡಿಲ್ಲೆ ತಮಾ."

ಅಡ್ಡಿಲ್ಲೆ ಎಂದರೆ ಪರವಾಗಿಲ್ಲ. ಇಲ್ಲಿನವರು ಇದಕ್ಕಿಂತ ದೊಡ್ಡ ಹೊಗಳಿಕೆ ಹೊಗಳುವುದಿಲ್ಲ. ತಮಾ ಎಂದರೆ ತಮ್ಮ. ಹೊರಗೆ ಬಂದು, ಪೇರಲ ಮರದ ಕೆಳಗೆ ನಿಂತು, ಗೋವಾಕ್ಕೆ ಫೋನು ಮಾಡಿ ಬರುವುದಿಲ್ಲ ಎಂದೆ. ಮೇಲ್ವಿಚಾರಕರು ಜಾಗ ಆಗಲೇ ಹೋಯಿತು ಎಂದು ಬೈದರು. ಬೈಗುಳ ಕೇಳುವಾಗಲೂ ಮನಸ್ಸು ಹಗುರವಾಗಿತ್ತು. ಗಿರಿಜಾಳಿಗೆ ಆಸ್ಪತ್ರೆಗೇ ಹೋಗಿ ಹೇಳಿದೆ. ಆಕೆ ಇಂಜೆಕ್ಷನ್ನಿನ ತಟ್ಟೆ ಹಿಡಿದು ನಿಂತಿದ್ದಳು. "ಹಂಗಾದ್ರ ಬರೂವಾಗ ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ ಹುಡುಕ್ಕೊಂಡು ಬಾ" ಎಂದಳು. ಇದ್ದೂರಿನಲ್ಲಿ ಉಳಿಯುವುದೆಂದು ತೀರ್ಮಾನವಾದ ಮೇಲೆ ರೊಟ್ಟಿಯ ವಿಚಾರ.

ಹಪ್ಪಳದ ಕೊನೆಯ ಚಾಪೆ ಎತ್ತಿದ ಮೂರನೇ ದಿನ ಮಳೆ ಹಿಡಿಯಿತು. ಆ ಮಳೆಗಾಲದಲ್ಲಿಯೇ ವಾನಳ್ಳಿಯಿಂದ ಒಬ್ಬರು ಕರೆದರು, ಅವರ ಗುಂಡಿಯೂ ಹಸಿದಿತ್ತು. ಸಿದ್ದಾಪುರದ ಒಂದು ಹಾಸ್ಟೆಲು ಕರೆಯಿತು. ಯಲ್ಲಾಪುರದಾಚೆ ಕಿರವತ್ತಿಯ ಹೆದ್ದಾರಿಯ ಢಾಬಾದವರೊಬ್ಬರು ಕರೆದು, ತಮ್ಮಲ್ಲಿ ಮೂಳೆಯೇ ಹೆಚ್ಚು, ಹಲಸು ಇಲ್ಲ ಎಂದಾಗ ನನಗೆ ಹಳೇ ನೆಂಟರು ಸಿಕ್ಕಂತಾಯಿತು. ಎಲ್ಲಿ ಹೋದರೂ ಈಗ ಚೀಲ ಇಳಿಸಿದ ಕೂಡಲೇ ಕೇಳುತ್ತೇನೆ: ನೀವು ಇದರಲ್ಲಿ ಏನು ಹಾಕುವುದಿಲ್ಲ, ಅದನ್ನು ಮೊದಲು ಹೇಳಿ. ಒಂದೊಂದು ಮನೆಯೂ ಒಂದೊಂದು ಹೊಸ ಸಿಪ್ಪೆಯ ಹೆಸರು ಹೇಳಿ ನನ್ನನ್ನು ಬೆರಗಾಗಿಸುತ್ತದೆ.

ಇಲ್ಲಿ ನನಗೆ ಇನ್ನೂ ಬಯಲುಸೀಮೆಯವರು ಎಂದೇ ಹೆಸರು. ಮಾತಿನ ಕೊನೆಗೆ ನಾನು 'ರೀ' ಹಚ್ಚಿದರೆ ನಗುತ್ತಾರೆ, ಪ್ರೀತಿಯಿಂದಲೇ. ಒಂದು ರಜೆಯ ದಿನ ಮೂವರೂ ಗುಡ್ನಾಪುರದ ಕೆರೆಗೆ ಹೋಗಿದ್ದೆವು. ಕಣ್ಣು ಹರಿಯುವಷ್ಟು ದೂರ ನೀರು. ನೋಡುತ್ತ ಕೂತವನಿಗೆ, ಇದರಲ್ಲಿ ಕಾಲು ಭಾಗ ನಮ್ಮೂರ ಮುಂದಿದ್ದಿದ್ದರೆ ಎಂದೇ ಅನ್ನಿಸಿತು. ಎಷ್ಟು ದಿನವಾದರೂ ಕಣ್ಣು ನಮ್ಮೂರ ಅಳತೆಯಲ್ಲೇ ಅಳೆಯುತ್ತದೆ. ಊರಿಗೆ ಹೋದರೆ ಬೇರೆ. ಕಳೆದ ಬೇಸಿಗೆಯಲ್ಲಿ ಕಲ್ಲಂಗಡಿ ಕೊಯ್ದ ಅಣ್ಣ ಸಿಪ್ಪೆಯನ್ನು ತಿಪ್ಪೆಗೆ ಎಸೆಯಲು ಹೋದಾಗ ಕೈ ಹಿಡಿದು, ತಾ, ದೋಸೆ ಮಾಡಿಸೋಣ ಎಂದೆ. ಮನೆ ತುಂಬ ನಗು. "ಭಟ್ಟರಂಗ ಮಾತಾಡಾಕ ಕಲ್ತಾನ ನಮ್ಮ ಹುಡುಗ" ಎಂದು ಅವ್ವ ಎಲ್ಲರಿಗೂ ಹೇಳಿದಳು. ದೋಸೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡಳು. ನಾಲ್ಕನೆಯ ದಿನಕ್ಕೆ ನನಗೆ ಶಿರಸಿಯ ನೆನಪಾಯಿತು. ಬಸ್ಸು ಮುಂಡಗೋಡ ದಾಟಿ ಕಾಡು ಹೊಕ್ಕ ಕೂಡಲೇ ಊರಿನ ನೆನಪಾಯಿತು. ಇದಕ್ಕೆ ಮದ್ದು ಇದ್ದಂತೆ ಕಾಣುವುದಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಎರಡು ಕೋಣೆಯ ಬಾಡಿಗೆ ಮನೆ ಒಂದು. ಸಾಮಾನಿನ ಚೀಲ ಎರಡು, ಹಳೇ ಸ್ಕೂಟರು ಒಂದು. ಕೂರಿಸಿದ ಯಂತ್ರಗಳು ಹನ್ನೊಂದು, ಅವುಗಳಲ್ಲಿ ಗ್ಯಾಸ್ ಗುಂಡಿಗೆ ಹೋಗುವವು ಏಳು. ಮತದಾರರ ಪಟ್ಟಿಯಲ್ಲಿ ಹೆಸರು ಒಂದು, ಅದು ಕುಷ್ಟಗಿಯಲ್ಲಿ. ಮಗಳ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಒಂದು, ಅದು ಶಿರಸಿಯಲ್ಲಿ. ಒಂದೇ ಮನೆಯಲ್ಲಿ ದಿನಾ ಒಟ್ಟಿಗೆ ಕೂತು ಉಣ್ಣುವವರು ಮೂವರು.